ನಮ್ಮೊಳಗಿನ ಆಲೆಮನೆ

ಮಂಡ್ಯದಿಂದ ಮದ್ದೂರಿನ ಕಡೆ ಹಳ್ಳಿ ರಸ್ತೆ ಹಿಡಿದರೆ ಅಲ್ಲಲ್ಲಿ ಆಲೆಮನೆಯ ಹೊಗೆ ಇಂದಿಗೂ ಕಾಣುತ್ತದೆ. ಒಳಗೆ ಐದು ನಿಮಿಷ ನಿಂತರೆ ಸಾಕು, ಅಂಗಿ ಬೆನ್ನಿಗೆ ಅಂಟುತ್ತದೆ. ಗಾಣದಿಂದ ಇಳಿದ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಸುಮಾರು 80 ಪಾಲು ನೀರೇ. ಆ ನೀರನ್ನೆಲ್ಲ ಕೊಪ್ಪರಿಗೆಯಲ್ಲಿ ಆವಿ ಮಾಡಿ ಹದಕ್ಕೆ ತಂದರೆ ಬೆಲ್ಲ. ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತುಂಬುತ್ತಾ ಕೂತವರ ಮೈಯಿಂದಲೂ ನೀರು ಬಿಡದೆ ಹೋಗುತ್ತಿರುತ್ತದೆ. ಬಿಸಿಲು, ಬೆಂಕಿ, ದುಡಿಮೆ ಮೂರೂ ಸೇರಿದಾಗ ಗಂಟೆಗೆ ಒಂದು ಲೀಟರ್ ಬೆವರು ಹರಿಯಬಹುದು. ಒಮ್ಮೆ ಅಂಥವರೊಬ್ಬರನ್ನು, ‘ನೀರು ಕುಡಿದ್ರಾ ಅಣ್ಣ?’ ಎಂದು ಕೇಳಿದೆ. ‘ಊಟದ್ ಹೊತ್ಗೆ ಕುಡಿತೀನಿ ಬುಡಿ’ ಎಂದರು. ಊಟಕ್ಕೆ ಇನ್ನೂ ಎರಡು ಗಂಟೆಯಿತ್ತು.

ಆ ಎರಡು ಗಂಟೆ ಅವರ ಮೈಯೊಳಗೂ ಒಂದು ಆಲೆಮನೆ ನಡೆಯುತ್ತಿರುತ್ತದೆ. ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಬೆನ್ನುಮೂಳೆಯ ಆಚೆಗೊಂದು ಈಚೆಗೊಂದು, ಮುಷ್ಟಿ ಗಾತ್ರದ ಎರಡು ಮೂತ್ರಪಿಂಡಗಳು. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್ ಎಂಬ ಸೋಸುನಳಿಗೆಗಳು. ಇವೆಲ್ಲ ಸೇರಿ ದಿನಕ್ಕೆ ಸೋಸುವ ದ್ರವ ಸುಮಾರು 180 ಲೀಟರ್. ಶುದ್ಧ ನೀರಿನ ಘಟಕದಿಂದ ಬೈಕಿನ ಮೇಲೆ ತರುತ್ತೇವಲ್ಲ, ಆ 20 ಲೀಟರಿನ ಕ್ಯಾನುಗಳು ಒಂಬತ್ತು! ಮೈಯಲ್ಲಿರುವ ರಕ್ತದ ತಿಳಿಭಾಗ ಮೂರು ಲೀಟರ್ ಮಾತ್ರ. ಅಂದರೆ ಅದೇ ಮೂರು ಲೀಟರನ್ನು ಮೂತ್ರಪಿಂಡ ದಿನಕ್ಕೆ 60 ಸಲ ಸೋಸುತ್ತದೆ. ಸೋಸಿದ್ದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೇ ಸೇರಿಸಿ, ಒಂದೂವರೆ ಎರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಗೆ ಬಿಡುತ್ತದೆ. ಆಲೆಮನೆಯಲ್ಲಿ ನೀರು ಹೊಗೆಯ ಜತೆ ಹೋಗಿ ಪಾಕ ಉಳಿಯುತ್ತದೆ. ಇಲ್ಲಿ ನೀರು ಉಳಿಯುತ್ತದೆ, ಪಾಕ ಹೊರಗೆ ಹೋಗುತ್ತದೆ.

ಎಷ್ಟು ನೀರು ಉಳಿಸಬೇಕೆಂದು ಹೇಳುವುದು ಮಿದುಳು. ರಕ್ತ ನೂರಕ್ಕೆ ಒಂದೆರಡು ಪಾಲು ಮಂದವಾದರೂ ಹೈಪೊಥಲಾಮಸ್‌ಗೆ ಗೊತ್ತಾಗುತ್ತದೆ. ಅದು ಬಾಯಾರಿಕೆ ಎಬ್ಬಿಸುತ್ತದೆ. ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನೂ ಹರಿಸುತ್ತದೆ. ಹಾರ್ಮೋನು ಬಂದೊಡನೆ ಮೂತ್ರಪಿಂಡದ ನಳಿಗೆಗಳಲ್ಲಿ ಅಕ್ವಾಪೊರಿನ್ ಎಂಬ ನೀರಿನ ಬಾಗಿಲುಗಳು ಹೆಚ್ಚುತ್ತವೆ. ಗದ್ದೆಗೆ ನೀರು ಕಟ್ಟುವವರು ಮಡೆ ತೆಗೆದು ನೀರನ್ನು ಬೇಕಾದತ್ತ ತಿರುಗಿಸುವ ಹಾಗೆ, ನೀರು ರಕ್ತದ ಕಡೆ ತಿರುಗುತ್ತದೆ. ಈ ಬಾಗಿಲುಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಆದರೆ ನಮ್ಮ ಯಂತ್ರಕ್ಕೆ ಮಿತಿಯಿದೆ. ಮನುಷ್ಯನ ಮೂತ್ರ ರಕ್ತಕ್ಕಿಂತ ಸುಮಾರು ನಾಲ್ಕು ಪಟ್ಟು ಮಂದವಾಗಬಲ್ಲದು, ಅದಕ್ಕಿಂತ ಹೆಚ್ಚು ಆಗದು. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಹೆಸರನ್ನೇ ಕೊಟ್ಟ ಕುರಿ ತಳಿಯನ್ನು ನೋಡಿ. ಕುರಿಯ ಮೂತ್ರಪಿಂಡ ನಮ್ಮದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಂದವಾಗಿ ಕಾಯಿಸಬಲ್ಲದು. ಕರುಳೂ ನೀರನ್ನು ಹೀರಿಕೊಂಡು ಒಣ ಹಿಕ್ಕೆಯನ್ನಷ್ಟೇ ಬಿಡುತ್ತದೆ. ಆ ಬಲ ನಮಗಿಲ್ಲ. ಎಷ್ಟೇ ಬಿಗಿ ಹಿಡಿದರೂ ದಿನದ ಕಸ ಹೊರಹಾಕಲು ಅರ್ಧ ಲೀಟರ್ ಮೂತ್ರವಾದರೂ ಬೇಕು.

ಪಾಕ ಹದ ಮೀರಿದರೆ ಏನಾಗುತ್ತದೆಂದು ಬೆಲ್ಲ ಕಾಯಿಸುವವರಿಗೆ ಹೇಳಿಕೊಡಬೇಕಿಲ್ಲ. ನೀರು ತೀರಾ ಕಡಿಮೆಯಾದಾಗ ಕರಗಿದ್ದದ್ದು ಹರಳುಗಟ್ಟುತ್ತದೆ. ಮೂತ್ರಪಿಂಡದ ಕಲ್ಲನ್ನೂ ಕನ್ನಡದಲ್ಲಿ ನಾವು ಹರಳು ಎಂದೇ ಕರೆಯುತ್ತೇವೆ; ಹುಟ್ಟುವ ಬಗೆಯೂ ಅದೇ. ಕ್ಯಾಲ್ಸಿಯಂ, ಆಕ್ಸಲೇಟ್ ಮಂದವಾದ ಮೂತ್ರದಲ್ಲಿ ಕರಗಿರಲಾರದೆ ಗಟ್ಟಿಯಾಗುತ್ತವೆ. ಒಮ್ಮೆ ಹರಳು ಬಂದವರಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಇಲ್ಲಿ ನನಗೆ ಬಹಳ ನೋವಾಗುವ ಸಂಗತಿಯೊಂದಿದೆ. ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವ, ಭತ್ತ ನಾಟಿ ಮಾಡುವ ಹೆಂಗಸರು ಬೆಳಿಗ್ಗೆಯಿಂದ ಬೇಕೆಂದೇ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಲು ಜಾಗವೆಲ್ಲಿ? ನಮ್ಮ ಸೋದರತ್ತೆ ವರ್ಷಗಟ್ಟಲೆ ಹೀಗೇ ಮಾಡಿ, ಉರಿಮೂತ್ರ ಬಂದಾಗಲೆಲ್ಲ ‘ಉಷ್ಣ ಆಗದೆ’ ಎಂದು ಸುಮ್ಮನಾಗುತ್ತಿದ್ದರು. ಅದು ಉಷ್ಣವಲ್ಲ, ಸೋಂಕು. ಮೂತ್ರ ಆಗಾಗ ಹರಿದರೆ ಬ್ಯಾಕ್ಟೀರಿಯಾ ತೊಳೆದು ಹೋಗುತ್ತವೆ. ತಡೆದು ಹಿಡಿದರೆ ಅಲ್ಲೇ ಬೆಳೆಯುತ್ತವೆ. ಪದೇ ಪದೇ ಈ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಸಲಾಗಿತ್ತು. ಒಂದು ವರ್ಷದಲ್ಲಿ ಅವರಿಗೆ ಬಂದ ಸೋಂಕು ಉಳಿದವರದ್ದಕ್ಕಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗದ್ದೆಗೆ ಆಳು ಕರೆಯುವವರು ಕೂಲಿ, ಕಾಫಿ ತಿಂಡಿಯ ಜತೆಗೆ ಮರೆಯ ಜಾಗವೊಂದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಂಪ್‌ಸೆಟ್ ಮನೆಯ ಹಿಂದೆ ನಾಲ್ಕು ತೆಂಗಿನ ಗರಿಯ ತಟ್ಟಿ ಕಟ್ಟಲು ಅರ್ಧ ದಿನ ಸಾಕು.

ಹಾಗಾದರೆ ದಿನಕ್ಕೆ ಎಷ್ಟು ಕುಡಿಯಬೇಕು? ಎಂಟು ಲೋಟದ ಲೆಕ್ಕಕ್ಕೆ ಗಟ್ಟಿ ಆಧಾರವಿಲ್ಲ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ಎರಡೂವರೆ ಲೀಟರ್ ಎಂದಾಗ, ಅದರ ಹೆಚ್ಚಿನ ಪಾಲು ಊಟದಲ್ಲೇ ಇರುತ್ತದೆ ಎಂದೂ ಹೇಳಿತ್ತು. ಆ ಮಾತನ್ನು ಜನ ಮರೆತರು. ಮುದ್ದೆ, ಸಾರು, ಮಜ್ಜಿಗೆ ಉಣ್ಣುವ ನಮ್ಮವರ ಹೊಟ್ಟೆಗೆ ಊಟದಿಂದಲೇ ಸಾಕಷ್ಟು ನೀರು ಸೇರುತ್ತದೆ. ನೆರಳಿನಲ್ಲಿ ಕೆಲಸ ಮಾಡುವ ಆರೋಗ್ಯವಂತರು ಬಾಯಾರಿಕೆಯನ್ನು ನಂಬಬಹುದು. ಬೆಳಗಿನ ಮೊದಲ ಮೂತ್ರ ಬಿಟ್ಟು ಉಳಿದ ಹೊತ್ತು ಬಣ್ಣ ಒಣಹುಲ್ಲಿನಂತೆ ತಿಳಿಯಾಗಿದ್ದರೆ ಸರಿ, ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದರೆ ನೀರು ಸಾಲದು.

ಬಿಸಿಲಲ್ಲಿ, ಬೆಂಕಿಯ ಮುಂದೆ ದುಡಿಯುವವರು ಬಾಯಾರುವ ತನಕ ಕಾಯಬಾರದು. ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ. ಎರಡು ಗಂಟೆಯದ್ದನ್ನು ಒಟ್ಟಿಗೆ ಕುಡಿಯುವುದೂ ತಪ್ಪು. ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ನೀರನ್ನು ಹೊರಹಾಕುವುದು ಮೂತ್ರಪಿಂಡಕ್ಕೆ ಕಷ್ಟ. ಅತಿಯಾದರೆ ರಕ್ತದ ಉಪ್ಪು ತೆಳುವಾಗಿ ತಲೆ ಸುತ್ತುತ್ತದೆ, ಪ್ರಾಣಕ್ಕೂ ಅಪಾಯ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅದಕ್ಕೆ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬಿಸಿಲಿಂದ ಬಂದವರಿಗೆ ಬೆಲ್ಲದ ಚೂರು, ಒಂದು ಚೊಂಬು ನೀರು ಕೊಡುವ ನಮ್ಮ ಪದ್ಧತಿಗೂ ಅರ್ಥವಿದೆ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಸೋಡಿಯಂನ ಕೈ ಹಿಡಿದೇ ಒಳಗೆ ಬರುತ್ತದೆ, ಅವುಗಳ ಹಿಂದೆ ನೀರು ಬರುತ್ತದೆ. ಓಆರ್‌ಎಸ್ ಪೊಟ್ಟಣದ ಗುಟ್ಟೂ ಇಷ್ಟೇ. ಮದ್ದೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಹೋಗುವ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಕುಡಿಯಲು ಸೊಗಸು, ಆದರೆ ಮೂತ್ರಪಿಂಡ ಕೆಟ್ಟವರಿಗೆ ಅದೇ ಪೊಟ್ಯಾಸಿಯಂ ಹೃದಯದ ಬಡಿತ ಕೆಡಿಸಬಲ್ಲದು. ಅವರೂ, ಹೃದಯದ ತೊಂದರೆ ಇರುವವರೂ ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಇನ್ನು ಜಗುಲಿಯ ಮೇಲೆ ಕೂತ ಅಜ್ಜಿ. ವಯಸ್ಸಾದಂತೆ ಮಿದುಳಿನ ಬಾಯಾರಿಕೆಯ ಕೂಗು ಕುಗ್ಗುತ್ತದೆ, ಮೂತ್ರಪಿಂಡದ ನೀರು ಉಳಿಸುವ ಬಲವೂ ಇಳಿಯುತ್ತದೆ. ‘ಬೇಡ ಕಣ್ ಮಗ, ದಾಹ ಇಲ್ಲ’ ಎಂದು ಅವರು ಹೇಳುವುದು ನಿಜವೇ, ಅವರಿಗೆ ದಾಹ ತಿಳಿಯುತ್ತಿಲ್ಲ. ಬೆಳಿಗ್ಗೆ ಚೊಂಬು ತುಂಬಿ ಪಕ್ಕದಲ್ಲಿಡಿ. ಮಧ್ಯಾಹ್ನ ಊಟಕ್ಕೆ ಕರೆಯುವಾಗ ನೀರು ಎಷ್ಟು ಇಳಿದಿದೆ ಎಂದು ಬಗ್ಗಿ ನೋಡಿ.