ಜಾವಗಲ್ ಶ್ರೀನಾಥ್ ಭುಜದ ಲೆಕ್ಕ

2003ರ ಫೆಬ್ರವರಿ 12, ದಕ್ಷಿಣ ಆಫ್ರಿಕಾದ ಪಾರ್ಲ್. ವಿಶ್ವಕಪ್‌ನ ಮೊದಲ ಮ್ಯಾಚ್‌ನಲ್ಲೇ ಭಾರತ 204ಕ್ಕೆ ಆಲೌಟ್. ಎದುರಿಗಿದ್ದದ್ದು ಆಸ್ಟ್ರೇಲಿಯಾ ಅಲ್ಲ, ಪಾಕಿಸ್ತಾನ ಅಲ್ಲ, ನೆದರ್ಲೆಂಡ್ಸ್! ಆಮೇಲೆ ಬೌಲಿಂಗ್ ಶುರುವಾಯ್ತು. ಡಚ್ಚರು 136ಕ್ಕೆ ಮುಗಿದರು, ಮಾನ ಉಳೀತು. ಬಿದ್ದ ಹತ್ತು ವಿಕೆಟ್‌ನಲ್ಲಿ ಎಂಟನ್ನು ತೆಗೆದವರು ಇಬ್ಬರು ಎಂಜಿನಿಯರ್‌ಗಳು. ಆರ್.ವಿ. ಕಾಲೇಜಿನ ಮೆಕ್ಯಾನಿಕಲ್ ಪದವೀಧರ ಅನಿಲ್ ಕುಂಬ್ಳೆ 32 ರನ್‌ಗೆ 4, ಮೈಸೂರು ಎಸ್‌ಜೆಸಿಇಯ ಇನ್‌ಸ್ಟ್ರುಮೆಂಟೇಶನ್ ಪದವೀಧರ ಜಾವಗಲ್ ಶ್ರೀನಾಥ್ 30 ರನ್‌ಗೆ 4.

ಈ ಬರಹ ಎರಡನೆಯವರ ಬಗ್ಗೆ. ಅವರ ಹೆಸರಿನ ಮುಂದಿರೋ ಜಾವಗಲ್ ನಮ್ಮ ಜಿಲ್ಲೆಯದ್ದೇ. ಹಾಸನದಿಂದ ಹಳೇಬೀಡು ದಾಟಿ ಬಾಣಾವರದ ಕಡೆ ಹೋಗುವ ರಸ್ತೆಯಲ್ಲಿ ಸಿಗುತ್ತೆ, ಅರಸೀಕೆರೆ ತಾಲ್ಲೂಕು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ. ಏರ್‌ಪೋರ್ಟ್ ಸುದ್ದಿಯಿಂದ ಹೆಸರಾದ ನಮ್ಮ ಬೂವನಹಳ್ಳಿ ಕಡೆಯ ಹುಡುಗರಿಗೂ ಜಾವಗಲ್ ಅಂದ್ರೆ ಮೊದಲು ನೆನಪಾಗೋದು ದೇವಸ್ಥಾನಕ್ಕಿಂತ ಈ ಬೌಲರೇ. ಅದು ಅವರ ಮನೆತನದ ಊರು. ಬೆಳೆದದ್ದು, ಓದಿದ್ದು ಮೈಸೂರಿನಲ್ಲಿ, ಮರಿಮಲ್ಲಪ್ಪ ಹೈಸ್ಕೂಲು, ಆಮೇಲೆ ಎಸ್‌ಜೆಸಿಇ.

(ಮೈಸೂರಿಗೆ ಈ ಚಾಳಿ ಹೊಸದಲ್ಲ. ಇ.ಎ.ಎಸ್. ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದು, ಎಂಜಿನಿಯರಿಂಗ್ ಮುಗಿಸೋಕೆ ಅಂತ ಐದು ವರ್ಷ ಟೆಸ್ಟ್ ಕ್ರಿಕೆಟ್ಟನ್ನೇ ಬಿಟ್ಟಿದ್ದರು. ಅಟೆಂಡೆನ್ಸ್ ಶಾರ್ಟೇಜ್ ಅಂತ ಗೋಳಾಡುವವರು ಗಮನಿಸಬಹುದು.)

1989-90ರಲ್ಲಿ ಹೈದರಾಬಾದ್ ವಿರುದ್ಧ ರಣಜಿಗೆ ಕಾಲಿಟ್ಟ ಶ್ರೀನಾಥ್ ಮೊದಲ ಇನ್ನಿಂಗ್ಸ್‌ನಲ್ಲೇ ಹ್ಯಾಟ್ರಿಕ್ ತೆಗೆದರು. ಎರಡೇ ವರ್ಷದಲ್ಲಿ, 1991ರ ನವೆಂಬರ್‌ನಲ್ಲಿ, ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಕ್ಯಾಪ್. ಇಲ್ಲಿಂದ ಕಥೆ ನೇರವಾಗಿ ಮೇಲಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ತವರಿನಲ್ಲಿ ಮೊದಲ ಟೆಸ್ಟ್ ಆಡೋಕೆ ಅವರು ಕಾದದ್ದು ಮೂರು ವರ್ಷ, 1994ರ ನವೆಂಬರ್‌ವರೆಗೆ. ಭಾರತದಲ್ಲಿ ಟೆಸ್ಟ್ ಅಂದ್ರೆ ಆಗ ಮೂರು ಸ್ಪಿನ್ನರ್, ಹೊಸ ಚೆಂಡಿಗೆ ಕಪಿಲ್ ದೇವ್ ಮತ್ತು ಮನೋಜ್ ಪ್ರಭಾಕರ್. ತಂಡದ ಅತಿ ವೇಗದ ಬೌಲರ್‌ಗೆ ಬೌಂಡರಿ ಆಚೆ ಸೀಟು. ಒಬ್ಬ ಫಾಸ್ಟ್ ಬೌಲರ್‌ನ 22ರಿಂದ 25ರ ವಯಸ್ಸು ಎಷ್ಟು ಬೆಲೆಯದ್ದು ಅಂತ ಆಮೇಲೆ ಗೊತ್ತಾಗುತ್ತೆ.

ಈಗ ಅಂಕಿ ನೋಡೋಣ. 67 ಟೆಸ್ಟ್, 236 ವಿಕೆಟ್, ಸರಾಸರಿ 30.49. 229 ಒನ್‌ಡೇ, 315 ವಿಕೆಟ್, ಸರಾಸರಿ 28.08. 'ಒಳ್ಳೇ ಬೌಲರ್, ಗ್ರೇಟ್ ಅಲ್ಲ' ಅಂತ ತೀರ್ಪು ಕೊಡೋರು ಈ 30.49ನ್ನೇ ತೋರಿಸ್ತಾರೆ. ನನ್ನ ತಕರಾರು ಇರೋದು ಇಲ್ಲೇ. ಸ್ಕೋರ್‌ಬುಕ್‌ನಲ್ಲಿ ಔಟ್‌ಪುಟ್ ಇದೆ, ಲೋಡ್ ಇಲ್ಲ. ಲೋಡ್ ನೋಡದೆ ಯಾವ ಬೇರಿಂಗ್‌ಗೂ ನಾವು ರೇಟಿಂಗ್ ಕೊಡೋದಿಲ್ಲ, ಭುಜಕ್ಕೆ ಯಾಕೆ ಕೊಡಬೇಕು?

ಟೆಸ್ಟ್‌ನಲ್ಲಿ ಅವರು ಹಾಕಿದ ಎಸೆತ 15,104. ಒನ್‌ಡೇಯಲ್ಲಿ 11,935. ಒಟ್ಟು 27,039. ಇದು ಅಂತರರಾಷ್ಟ್ರೀಯ ಪಂದ್ಯಗಳದ್ದು ಮಾತ್ರ. ರಣಜಿ ಬೇರೆ, ನೆಟ್ಸ್ ಬೇರೆ, ಇಂಗ್ಲೆಂಡಿನ ಕೌಂಟಿ ಬೇರೆ. 1995ರಲ್ಲಿ ಗ್ಲೌಸ್ಟರ್‌ಷೈರ್ ಪರವಾಗಿ ಒಂದೇ ಸೀಸನ್‌ನಲ್ಲಿ 87 ವಿಕೆಟ್ ತೆಗೆದಿದ್ದರು. 87 ವಿಕೆಟ್ ತೆಗೆಯೋಕೆ ಎಷ್ಟು ಓವರ್ ಹಾಕಿರಬೇಕು ಅಂತ ಯೋಚನೆ ಮಾಡಿ.

ಒಂದೊಂದು ಎಸೆತದಲ್ಲೂ ಭುಜಕ್ಕೆ ಏನಾಗುತ್ತೆ? ಗಂಟೆಗೆ 150 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 41.7 ಮೀಟರ್. ಚೆಂಡಿನ ತೂಕ 160 ಗ್ರಾಂ ಅಂದುಕೊಳ್ಳಿ. ಚಲನಶಕ್ತಿ ಸುಮಾರು 140 ಜೌಲ್, ಅಂದ್ರೆ ಒಂದು ಕೆ.ಜಿ. ಸಕ್ಕರೆ ಪ್ಯಾಕೆಟ್ ಅನ್ನು ನಾಲ್ಕು ಮಹಡಿ ಮೇಲಿಂದ ಬಿಟ್ಟ ಹಾಗೆ. ಆದ್ರೆ ಭುಜದ ತಲೆನೋವು ಚೆಂಡಲ್ಲ. ಚೆಂಡು ಕೈಬಿಟ್ಟು ಹೋಗಿಬಿಡುತ್ತೆ, ಅದರ ಶಕ್ತಿನೂ ಅದರ ಜೊತೆಗೇ ಹೋಗುತ್ತೆ. ಮೂರು-ನಾಲ್ಕು ಕೆ.ಜಿ. ತೂಕದ ತೋಳು ಮಾತ್ರ ಇಲ್ಲೇ ಉಳಿಯುತ್ತೆ, ಅದೇ ರಭಸದಲ್ಲಿ ತಿರುಗ್ತಾ. ಅದನ್ನ ಕಣ್ಣು ಮಿಟುಕಿಸೋ ಅಷ್ಟರಲ್ಲಿ ನಿಲ್ಲಿಸಬೇಕು. ನಿಲ್ಲಿಸೋರು ಯಾರು?

ರೊಟೇಟರ್ ಕಫ್. ಭುಜದ ಕೀಲಿನ ಸುತ್ತ ಇರೋ ನಾಲ್ಕು ಸಣ್ಣ ಸ್ನಾಯುಗಳು. ಸೊಂಟದ ಕೀಲು ಒರಳಿನಲ್ಲಿ ಕೂತ ರುಬ್ಬುಗುಂಡಿನ ಹಾಗೆ, ಆಳವಾಗಿ ಕೂತಿರುತ್ತೆ, ಜಾರಲ್ಲ. ಭುಜದ ಕೀಲು ಸಾಸರ್ ಮೇಲೆ ಇಟ್ಟ ನಿಂಬೆಹಣ್ಣು. ಆ ಕಾರಣಕ್ಕೇ ಕೈ ಎಲ್ಲಾ ದಿಕ್ಕಿಗೂ ತಿರುಗುತ್ತೆ, ಆ ಕಾರಣಕ್ಕೇ ಸುಲಭವಾಗಿ ಕೈಕೊಡುತ್ತೆ ಕೂಡ. ನಿಂಬೆಹಣ್ಣು ಸಾಸರ್‌ನಿಂದ ಉರುಳದ ಹಾಗೆ ಹಿಡಿದಿರೋದು ಈ ನಾಲ್ಕು ಸ್ನಾಯು. ಚೆಂಡು ಹೋದ ಮೇಲೆ ಬ್ರೇಕ್ ಹಾಕೋದರಲ್ಲೂ ಇವುಗಳದ್ದೇ ದೊಡ್ಡ ಪಾಲು. ಎಂಜಿನ್ ಕೆಲಸ ಕಾಲು, ಸೊಂಟ, ಬೆನ್ನಿನ ದೊಡ್ಡ ಸ್ನಾಯುಗಳದ್ದು, ಬ್ರೇಕ್ ಮಾತ್ರ ಸಣ್ಣದು. ಸ್ನಾಯು ಬಿಗಿಯಾಗಿರುವಾಗಲೇ ಎಳೆಸಿಕೊಳ್ಳೋದು ಅತಿ ಹೆಚ್ಚು ಸವೆಸೋ ಕೆಲಸ. ಒಂದು ದಿನದಲ್ಲಿ ಏನೂ ಆಗಲ್ಲ. ಮೆಟೀರಿಯಲ್ ಸೈನ್ಸ್ ಕ್ಲಾಸಲ್ಲಿ ಫಟೀಗ್ ಅಂತ ಓದಿದ್ದೀವಲ್ಲ, ಮುರಿಯೋ ಮಟ್ಟಕ್ಕಿಂತ ಎಷ್ಟೋ ಕಡಿಮೆ ಲೋಡ್, ಆದ್ರೆ ಸಾವಿರಾರು ಸಲ, ಅದೇ ಇದು. ದೇಹಕ್ಕೆ ರಿಪೇರಿ ಮಾಡಿಕೊಳ್ಳೋ ಗುಣ ಇದೆ ಅನ್ನೋದೊಂದೇ ವ್ಯತ್ಯಾಸ. ಅದಕ್ಕೆ ಬಿಡುವು ಬೇಕು.

ಬೇಸ್‌ಬಾಲ್‌ನವರು ಇದನ್ನ ಬೇಗ ಅರ್ಥ ಮಾಡ್ಕೊಂಡರು. ಮೇಲೆ ಹೇಳಿದ ಅದೇ ನೆದರ್ಲೆಂಡ್ಸ್ 2011ರಲ್ಲಿ ಬೇಸ್‌ಬಾಲ್ ವಿಶ್ವಕಪ್ ಗೆದ್ದ ದೇಶ. ಆ ಆಟದಲ್ಲಿ ಔಟ್‌ಫೀಲ್ಡರ್ ಒಬ್ಬ ಇಡೀ ಮ್ಯಾಚ್‌ನಲ್ಲಿ ಪೂರಾ ಜೋರಿನ ಥ್ರೋ ಮಾಡೋದು ಕೆಲವೇ ಸಲ, ಆತ ದಿನಾ ಆಡಬಹುದು. ಪಿಚರ್ ವಿಷಯ ಬೇರೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆರಂಭದ ಪಿಚರ್ ನೂರರ ಆಸುಪಾಸು ಎಸೆದರೆ ಇಳಿಸ್ತಾರೆ, ಆಮೇಲೆ ಸಾಮಾನ್ಯವಾಗಿ ನಾಲ್ಕೈದು ದಿನ ಬಿಡುವು. ಕ್ರಿಕೆಟ್‌ನಲ್ಲಿ ನೂರು ಎಸೆತ ಅಂದ್ರೆ 17 ಓವರ್‌ಗೂ ಕಡಿಮೆ, ಟೆಸ್ಟ್‌ನ ಒಂದು ದಿನದ ಕೆಲಸ. ಮಾರನೇ ದಿನ ಮತ್ತೆ ಅದೇ. ತೊಂಬತ್ತರ ದಶಕದಲ್ಲಿ ಶ್ರೀನಾಥ್ ಎಸೆತ ಯಾರು ಎಣಿಸಿದರು?

1996ರ ಕೊನೆಯ ಮೂರು ತಿಂಗಳು ನೋಡಿ. ಅಕ್ಟೋಬರ್‌ನ ದೆಹಲಿ ಟೆಸ್ಟ್‌ಗೆ ಶ್ರೀನಾಥ್ ಗಾಯದಿಂದ ಹೊರಗೆ. ಅವರ ಜಾಗಕ್ಕೆ ಬಂದವರು ಡೇವಿಡ್ ಜಾನ್ಸನ್, ಹುಟ್ಟಿದ್ದು ಅರಸೀಕೆರೆ. ಒಂದೇ ತಾಲ್ಲೂಕಿನ ಹೆಸರು ಹೊತ್ತ ಇಬ್ಬರು ಫಾಸ್ಟ್ ಬೌಲರ್‌ಗಳು, ಒಬ್ಬರ ಬದಲಿಗೆ ಇನ್ನೊಬ್ಬರು! ಆ ಟೆಸ್ಟ್‌ನಲ್ಲಿ ಜಾನ್ಸನ್ 157.8 ಕಿ.ಮೀ. ವೇಗದಲ್ಲಿ ಹಾಕಿದರು ಅಂತ ಹೇಳ್ತಾರೆ. ಇನ್‌ಸ್ಟ್ರುಮೆಂಟೇಶನ್‌ನವರು ಆ ರೇಡಾರ್‌ನ ಕ್ಯಾಲಿಬ್ರೇಶನ್ ಕೇಳಬಹುದು, ಆದ್ರೆ ಮೈಕೆಲ್ ಸ್ಲೇಟರ್ ಔಟಾದದ್ದಂತೂ ನಿಜ. ಜಾನ್ಸನ್ ಆಡಿದ್ದು ಎರಡೇ ಟೆಸ್ಟ್, ಮೂರು ವಿಕೆಟ್. 2024ರ ಜೂನ್‌ನಲ್ಲಿ ತೀರಿಕೊಂಡರು.

ಅದೇ ಅಕ್ಟೋಬರ್ 21ಕ್ಕೆ ಶ್ರೀನಾಥ್ ಬೆಂಗಳೂರಿನಲ್ಲಿ ವಾಪಸ್. ಆಸ್ಟ್ರೇಲಿಯಾ ವಿರುದ್ಧ 216 ಬೇಕು, 164ಕ್ಕೆ 8 ಹೋಗಿದೆ, ಸಚಿನ್ ಔಟ್. ಕ್ರೀಸ್‌ನಲ್ಲಿ ಕುಂಬ್ಳೆ, ಶ್ರೀನಾಥ್. ಗ್ಯಾಲರಿಯಲ್ಲಿ ಇಬ್ಬರ ಅಮ್ಮಂದಿರು. ಉಳಿದ 52 ರನ್ ಇವರಿಬ್ಬರೇ ಹೊಡೆದರು. ಅದನ್ನ ನಿಮ್ಮ ಮನೆಯ ದೊಡ್ಡವರಿಂದ ಕೇಳಿ, ನನಗಿಂತ ಚೆನ್ನಾಗಿ ಹೇಳ್ತಾರೆ. ನವೆಂಬರ್‌ನಲ್ಲಿ ಅಹಮದಾಬಾದ್. ದಕ್ಷಿಣ ಆಫ್ರಿಕಾಕ್ಕೆ ಬೇಕಿದ್ದದ್ದು 170. ಸ್ಪಿನ್ನರ್‌ಗಳ ಊಟ ಅಂತ ಎಲ್ಲರೂ ಕಾಯ್ತಿದ್ದ ಪಿಚ್‌ನಲ್ಲಿ ಶ್ರೀನಾಥ್ 21 ರನ್‌ಗೆ 6, ಎದುರಾಳಿ 105ಕ್ಕೆ ಆಲೌಟ್. ಡಿಸೆಂಬರ್‌ನಲ್ಲಿ ಡರ್ಬನ್. ಶ್ರೀನಾಥ್, ಜಾನ್ಸನ್, ವೆಂಕಟೇಶ್ ಪ್ರಸಾದ್, ಕುಂಬ್ಳೆ, ದ್ರಾವಿಡ್, ಹನ್ನೊಂದರಲ್ಲಿ ಐವರು ಕರ್ನಾಟಕದವರು. ಭಾರತ 100 ಮತ್ತು 66ಕ್ಕೆ ಆಲೌಟ್ ಆಯ್ತು, ಬೌಲರ್‌ಗಳಿಗೆ ಕೂರೋಕೂ ಪುರುಸೊತ್ತು ಸಿಗಲಿಲ್ಲ.

1997ರಲ್ಲಿ ಬ್ರೇಕ್ ಹೋಯ್ತು. ರೊಟೇಟರ್ ಕಫ್ ಗಾಯ, ಆಪರೇಶನ್. ಅವರಿಲ್ಲದೆ ತಂಡ ವೆಸ್ಟ್ ಇಂಡೀಸ್‌ಗೆ ಹೋಯ್ತು, ಬಾರ್ಬಡೋಸ್‌ನಲ್ಲಿ 120 ಹೊಡೆಯೋಕಾಗದೆ 81ಕ್ಕೆ ಬಿತ್ತು. ಎಸೆಯೋ ಭುಜಕ್ಕೆ ಇಂಥ ಆಪರೇಶನ್ ಆದವರಲ್ಲಿ ಹಳೇ ವೇಗಕ್ಕೆ ಮರಳದವರು ಬಹಳ. ಶ್ರೀನಾಥ್ ಆ ವರ್ಷದ ಕೊನೆಗೇ ಬಂದರು. 1999ರ ಫೆಬ್ರವರಿಯಲ್ಲಿ ಕೋಲ್ಕತಾ, ಪಾಕಿಸ್ತಾನದ ವಿರುದ್ಧ. ಮೊದಲ ಬೆಳಗ್ಗೆ ಪಾಕಿಸ್ತಾನ 26ಕ್ಕೆ 6. ಶ್ರೀನಾಥ್‌ಗೆ ಮೊದಲು 46 ರನ್‌ಗೆ 5, ಆಮೇಲೆ 86 ರನ್‌ಗೆ 8, ಒಟ್ಟು 13 ವಿಕೆಟ್. ಭಾರತ 46 ರನ್‌ನಿಂದ ಸೋತಿತು. ಆ ಮ್ಯಾಚ್ ಅಂದ್ರೆ ಇವತ್ತಿಗೂ ಜನ ಮಾತಾಡೋದು ಸಚಿನ್ ರನೌಟ್ ಬಗ್ಗೆ.

ನನಗೆ ಕೇಳಿದರೆ 30.49ಕ್ಕಿಂತ ದೊಡ್ಡ ಸಂಖ್ಯೆ ಈ 13. ರಿಪೇರಿ ಆದ ಭುಜ, ಎರಡು ವರ್ಷದ ಒಳಗೆ.

ಇದೆಲ್ಲ ಹಳೇ ಕಥೆ ಅನ್ನೋರಿಗೆ ಒಂದು ಮಾತು. ಈಗ ದೊಡ್ಡ ತಂಡಗಳಲ್ಲಿ ಫಾಸ್ಟ್ ಬೌಲರ್‌ನ ವಾರದ ಎಸೆತ ಎಣಿಸ್ತಾರೆ, ನೆಟ್ಸ್‌ನದ್ದೂ ಸೇರಿಸಿ. ಒಂದೇ ಸಲಕ್ಕೆ ಲೋಡ್ ಏರಿದರೆ ಅಪಾಯ ಅಂತ ಗೊತ್ತಾಗಿದೆ. ನಮ್ಮ ಕಾಲೇಜು ಟೂರ್ನಮೆಂಟ್‌ಗಳಲ್ಲಿ? ಸೆಮಿಸ್ಟರ್ ಪೂರ್ತಿ ಬಾಲ್ ಮುಟ್ಟದ ಹುಡುಗ ಭಾನುವಾರ ಮೂರು ಮ್ಯಾಚ್ ಆಡ್ತಾನೆ, ಗಟ್ಟಿ ನೆಲದಲ್ಲಿ, ವಾರ್ಮಪ್ ಇಲ್ಲದೆ. ಸೋಮವಾರ ಲ್ಯಾಬಲ್ಲಿ ಕೈ ಎತ್ತೋಕಾಗಲ್ಲ. ಟೆನ್ನಿಸ್ ಬಾಲ್ ಹಗುರ ಅಂತ ಸಮಾಧಾನ ಬೇರೆ. ಬಾಲ್ ಹಗುರ ಇರಬಹುದು, ತೋಳಿನ ತೂಕ ಅಷ್ಟೇ ಇರುತ್ತಲ್ಲ!

2002ರಲ್ಲಿ ಟೆಸ್ಟ್ ಸಾಕು ಅಂದಿದ್ದ ಶ್ರೀನಾಥ್‌ರನ್ನ ಗಂಗೂಲಿ ಒತ್ತಾಯ ಮಾಡಿ ವಾಪಸ್ ಕರೆತಂದರು. ಪಾರ್ಲ್‌ನಲ್ಲಿ ಡಚ್ಚರ ಮೇಲೆ ಬಿದ್ದಾಗ ಅವರಿಗೆ 33. ಆ ವಿಶ್ವಕಪ್‌ನಲ್ಲಿ 16 ವಿಕೆಟ್, ಶ್ರೀಲಂಕಾ ವಿರುದ್ಧ 35 ರನ್‌ಗೆ 4. ಫೈನಲ್‌ನಲ್ಲಿ ರಿಕಿ ಪಾಂಟಿಂಗ್ ಮುಂದೆ 10 ಓವರ್‌ಗೆ 87, ವಿಕೆಟ್ ಇಲ್ಲ. ದೇಶಕ್ಕಾಗಿ ಹಾಕಿದ ಕೊನೆಯ ಹತ್ತು ಓವರ್ ಅವು. 2006ರಿಂದ ಐಸಿಸಿ ಮ್ಯಾಚ್ ರೆಫರಿ. ಓವರ್ ಬೇಗ ಮುಗಿಸದ ತಂಡಕ್ಕೆ ದಂಡ ಹಾಕೋದೂ ಆ ಕೆಲಸದಲ್ಲಿ ಸೇರಿದೆ.