ಹಳೆಯ ಫ್ರಿಜ್ಜಿನ ಕೊನೆಯ ಉಸಿರು

ನಮ್ಮ ತಂದೆಯವರು ಗುಜರಿ ವ್ಯಾಪಾರಿಗಳು. ರಜೆಯ ದಿನಗಳಲ್ಲಿ ನಾನೂ ಅವರೊಡನೆ ಕುಳಿತು ಹಳೆಯ ಫ್ರಿಜ್ಜುಗಳನ್ನು ಬಿಚ್ಚಿದ್ದುಂಟು. ಗರಗಸದಿಂದ ತಾಮ್ರದ ಕೊಳವೆಯನ್ನು ಕುಯ್ದೊಡನೆ ‘ಬುಸ್’ ಎಂದು ಗಾಳಿ ಹೊರಡುತ್ತಿತ್ತು. ಅದು ಬರಿಯ ಗಾಳಿಯಲ್ಲವೆಂಬುದು ನನಗೆ ತಿಳಿದದ್ದು ಪದವಿ ತರಗತಿಯ ಪರಿಸರ ಅಧ್ಯಯನದ ಪಾಠದಿಂದ.

ಫ್ರಿಜ್ಜು ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ, ಅಷ್ಟೆ. ಕೊಳವೆಯಲ್ಲಿರುವ ದ್ರವವು ಆವಿಯಾಗುವಾಗ ಒಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಬದಿಯ ಕೊಳವೆಗಳಿಗೆ ತಳ್ಳಿದಾಗ ಅದು ಶಾಖವನ್ನು ಕಳೆದುಕೊಂಡು ಪುನಃ ದ್ರವವಾಗುತ್ತದೆ.

ಹಿಂದಿನ ಫ್ರಿಜ್ಜುಗಳಲ್ಲಿ ಈ ಕೆಲಸಕ್ಕೆ ಕ್ಲೋರೋಫ್ಲೋರೋಕಾರ್ಬನ್ ಎಂಬ ಅನಿಲವಿರುತ್ತಿತ್ತು. ಸೂರ್ಯನ ನೇರಳಾತೀತ ಕಿರಣಗಳಿಂದ ನಮ್ಮನ್ನು ಕಾಯುವ ಓಜೋನ್ ಪದರವನ್ನು ಅದು ಕೆಡಿಸುತ್ತದೆ. ಅಂಟಾರ್ಕ್ಟಿಕದ ಮೇಲೆ ಓಜೋನ್ ಬಹಳ ತೆಳುವಾಗಿರುವುದನ್ನು ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಅದನ್ನು ಸೇರಿತು. ಅನಂತರ ಬಂದ ಆರ್-134ಎ ಓಜೋನನ್ನು ಕೆಡಿಸದಾದರೂ, ತೂಕಕ್ಕೆ ತೂಕ ಹೋಲಿಸಿದರೆ, ಇಂಗಾಲದ ಡೈಆಕ್ಸೈಡಿಗಿಂತ ಸಾವಿರಪಟ್ಟಿಗೂ ಮಿಕ್ಕಿ ಭೂಮಿಯನ್ನು ಬಿಸಿಮಾಡುತ್ತದೆ. ಇತ್ತೀಚಿನ ಫ್ರಿಜ್ಜುಗಳಲ್ಲಿರುವ ಐಸೋಬ್ಯೂಟೇನ್ ಅಷ್ಟು ಕೆಡುಕಿನದಲ್ಲ. ಆದರೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವಂಥದು.

ಹಾಗೆಂದು ಗುಜರಿಯ ಕಸುಬನ್ನು ಹಳಿಯುವುದು ನ್ಯಾಯವಲ್ಲ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇಕಡ 5ರಷ್ಟರಿಂದಲೇ ಹಳೆಯ ಅಲ್ಯೂಮಿನಿಯಂ ಕರಗಿಸಿ ಹೊಸದು ಮಾಡಬಹುದು. ತಾಮ್ರ, ಕಬ್ಬಿಣಗಳಲ್ಲಿಯೂ ಉಳಿತಾಯ ದೊಡ್ಡದೇ. ಮನೆಮನೆಯ ಹಳೆಯ ಲೋಹವನ್ನು ಕಾರ್ಖಾನೆಯ ದಾರಿಗೆ ಹಚ್ಚುವವನು ಗುಜರಿಯವನೇ ಅಲ್ಲವೆ?

ಇದನ್ನೆಲ್ಲ ವಿವರಿಸಿದಾಗ ತಂದೆಯವರು, “ಆ ಗಾಳಿ ಹಿಡಿದಿಟ್ಟರೆ ಯಾರಪ್ಪ ದುಡ್ಡು ಕೊಡ್ತಾರೆ? ತಕ್ಕಡಿಗೆ ಬರೋದು ತಾಮ್ರ, ಕಬ್ಬಿಣ ಮಾತ್ರ” ಎಂದರು. ಅಂದು ನಾನು ಉತ್ತರ ಕೊಡಲಾರದೆ ಸುಮ್ಮನಾದೆ. ಸಮಸ್ಯೆಯ ಬೇರು ಇರುವುದೇ ಅಲ್ಲಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮಗಳು ಈ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ನೋಂದಾಯಿತ ಘಟಕಗಳ ಮೂಲಕ ಮರುಬಳಕೆ ಮಾಡಿಸುವ ಖರ್ಚು ಅವರದು. ಆದರೆ ಆ ಹಣ ಬೀದಿಯ ಗಾಡಿಯವರೆಗೂ ತಲುಪಿದಾಗಲೇ ಗರಗಸ ನಿಂತೀತು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟು: ಹಳೆಯ ಫ್ರಿಜ್ಜನ್ನು ಬಾಗಿಲಲ್ಲಿ ಒಡೆಯಗೊಡದೆ, ನೋಂದಾಯಿತ ಘಟಕಕ್ಕೆ ಇಡಿಯಾಗಿ ಸೇರುವಂತೆ ನೋಡಿಕೊಳ್ಳುವುದು. ಹತ್ತಿಪ್ಪತ್ತು ರೂಪಾಯಿ ಕಡಿಮೆ ಬಂದರೂ ಚಿಂತೆಯಿಲ್ಲ. ಆ ‘ಬುಸ್’ ಶಬ್ದವನ್ನು ಕೇಳಿ ಬೆಳೆದವನ ಮಾತಿದು.