ಎರಡು ಎಕರೆ ಹತ್ತು ಗುಂಟೆ ಫೋನೊಳಗೆ ಎಷ್ಟಾಗುತ್ತೆ?

ಇವತ್ತು ಜೇಸನ್ ಬಗ್ಗೆ ಮಾತಾಡೋಣ. ಇದು ಯಾರದೋ ಹೆಸರಲ್ಲ, ಡೇಟಾವನ್ನು ಅಕ್ಷರಗಳಲ್ಲಿ ಬರೆದು ಕಳಿಸೋ ಒಂದು ಕ್ರಮ. 2001ರ ಸುಮಾರಿಗೆ ಡಗ್ಲಸ್ ಕ್ರಾಕ್‌ಫರ್ಡ್ ಇದಕ್ಕೆ ಒಂದು ಹೆಸರು, ಒಂದು ವ್ಯಾಕರಣ ಕೊಟ್ಟರು. ನಾನೇನೂ ಹೊಸದಾಗಿ ಸೃಷ್ಟಿಸಲಿಲ್ಲ, ಜಾವಾಸ್ಕ್ರಿಪ್ಟ್ ಒಳಗೆ ಮೊದಲೇ ಇತ್ತು ಅಂತ ಅವರೇ ಹೇಳ್ತಾರೆ. ನಿಮ್ಮ ಫೋನಿನ ಎಷ್ಟೋ ಆ್ಯಪ್‌ಗಳಿಗೆ ಸರ್ವರ್‌ನಿಂದ ಬರೋದು ಇದೇ ರೂಪದ ಪಠ್ಯ. ಅದನ್ನು ಪ್ರೋಗ್ರಾಂ ಬಳಸೋಕೆ ಆಗುವ ಆಬ್ಜೆಕ್ಟ್ ಮಾಡಬೇಕು. ಎಡವಟ್ಟು ಆಗೋದು ಆ ದಾರಿಯಲ್ಲಿ.

ಉದಾಹರಣೆಗೆ ನಮ್ಮ ಕಡೆಯ ಪಹಣಿಯನ್ನೇ ತಗೊಳ್ಳಿ. ಕರ್ನಾಟಕದ ‘ಭೂಮಿ’ ಯೋಜನೆ ಈ ಶತಮಾನದ ಶುರುವಿನಲ್ಲೇ 176 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಕಂಪ್ಯೂಟರ್‌ಗೆ ತಂದಿತು. ಸುಮಾರು 67 ಲಕ್ಷ ರೈತರ ಜಮೀನು ಅದು. ‘ಭೂಮಿ’ ಒಳಗೆ ಯಾವ ರೂಪದಲ್ಲಿ ಡೇಟಾ ಇಟ್ಟಿದ್ದಾರೆ ಅನ್ನೋದು ನಮ್ಮ ವಿಷಯ ಅಲ್ಲ. ನೀವೇ ಒಂದು ಜಮೀನು ಲೆಕ್ಕದ ಆ್ಯಪ್ ಬರೀತಿದ್ದೀರಿ ಅಂದುಕೊಳ್ಳಿ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಹೋಬಳಿಯ ಒಂದು ಜಮೀನು ಹೀಗೆ ಬರುತ್ತೆ. (ಇದು ನಾನೇ ಬರೆದದ್ದು, ಯಾರ ಪಹಣಿಯೂ ಅಲ್ಲ.)

{"ಹೋಬಳಿ": "ಚನ್ನರಾಯನದುರ್ಗ", "ಸರ್ವೆ ನಂಬರ್": "45/2", "ವಿಸ್ತೀರ್ಣ": 2.10}

ಜೇಸನ್‌ನಲ್ಲಿ ಕೀಗಳನ್ನೂ ಕನ್ನಡದಲ್ಲೇ ಬರೀಬಹುದು, ಯಾರೂ ಬೇಡ ಅನ್ನಲ್ಲ. ಸುರುಳಿ ಬ್ರಾಕೆಟ್ ಒಳಗೆ ಎಡಕ್ಕೆ ಹೆಸರು, ಬಲಕ್ಕೆ ಬೆಲೆ. ಇಲ್ಲಿ ಕೋಟ್ ಒಳಗಿರೋದು ಪಠ್ಯ, ಕೋಟ್ ಇಲ್ಲದ್ದು ಸಂಖ್ಯೆ. ಪೈಥಾನ್‌ನಲ್ಲಿ ಇದನ್ನ ‘ಜೇಸನ್ ಡಾಟ್ ಲೋಡ್ಸ್’ ಅನ್ನೋ ಫಂಕ್ಷನ್‌ಗೆ ಕೊಟ್ಟರೆ ಒಂದು ಡಿಕ್ಷನರಿ ಸಿಗುತ್ತೆ. ಈಗ ಅದರಲ್ಲಿ ವಿಸ್ತೀರ್ಣ ಎಷ್ಟು ಅಂತ ಕೇಳಿ. 2.1 ಅನ್ನುತ್ತೆ!

ಗಣಿತದಲ್ಲಿ 2.10, 2.1 ಎರಡೂ ಒಂದೇ, ಸರಿ. ಆದರೆ ರೈತ 2.10 ಅಂತ ಬರೆದಾಗ ಅದು ದಶಮಾಂಶ ಅಲ್ಲ, ಎರಡು ಎಕರೆ ಹತ್ತು ಗುಂಟೆ. ಮಧ್ಯೆ ಇರೋ ಚುಕ್ಕಿ ಬರೀ ಗೋಡೆ. ಒಂದು ಗುಂಟೆ ಇದ್ದರೆ ಕೆಲವರು 2.01 ಬರೀತಾರೆ, ಕೆಲವರು 2.1 ಬರೀತಾರೆ. ಹಾಗಾಗಿ ಪರದೆ ಮೇಲೆ 2.1 ಕಂಡವನು ಎರಡೆಕರೆ ಒಂದು ಗುಂಟೆ ಅಂತ ಓದಿದರೆ ಅವನ ತಪ್ಪೇನೂ ಇಲ್ಲ. ಹೋಯ್ತು ಒಂಬತ್ತು ಗುಂಟೆ. ಗುಂಟೆಗೆ 1,089 ಚದರ ಅಡಿ ಹಿಡಿದರೆ 9,801 ಚದರ ಅಡಿ, ಅಂದ್ರೆ ಥರ್ಟಿ-ಫಾರ್ಟಿ ಸೈಟು ಎಂಟು. ಅಣ್ಣತಮ್ಮಂದಿರು ಮೂರು ಗುಂಟೆಗೆ ಕೋರ್ಟ್ ಹತ್ತೋ ಊರುಗಳಲ್ಲಿ ಇದು ಸಣ್ಣ ವಿಷಯ ಅಲ್ಲ ಸ್ವಾಮಿ.

ಕೂಡೋಕೆ ಹೋದರೆ ಇನ್ನೂ ಚೆನ್ನಾಗಿದೆ. 2.30ಕ್ಕೆ 1.20 ಸೇರಿಸಿದರೆ ಕಂಪ್ಯೂಟರ್ 3.5 ಅನ್ನುತ್ತೆ. ಎಕರೆಗೆ ನಲವತ್ತು ಗುಂಟೆ ಅಂತ ಅದಕ್ಕೆ ಯಾರು ಹೇಳಿದ್ದಾರೆ? ನಿಜವಾದ ಉತ್ತರ ನಾಲ್ಕು ಎಕರೆ ಹತ್ತು ಗುಂಟೆ.

ಆಬ್ಜೆಕ್ಟ್ ಬೇಕಾಗೋದು ಇಲ್ಲೇ. ಡಿಕ್ಷನರಿ ಅನ್ನೋದು ಚೀಟಿ ಅಂಟಿಸಿದ ಡಬ್ಬಗಳ ಸಾಲು, ಒಳಗೆ ಏನು ಹಾಕಿದರೂ ಸುಮ್ಮನಿರುತ್ತೆ. ಅದರ ಬದಲು ‘ವಿಸ್ತೀರ್ಣ’ ಅಂತ ಒಂದು ಕ್ಲಾಸ್ ಮಾಡಿ. ಎಕರೆಗೆ ಒಂದು ಪೂರ್ಣ ಸಂಖ್ಯೆ, ಗುಂಟೆಗೆ ಇನ್ನೊಂದು. ಗುಂಟೆ 39 ದಾಟಿದರೆ ಆಬ್ಜೆಕ್ಟ್ ಹುಟ್ಟೋಕೇ ಬಿಡಬೇಡಿ. ಕೂಡೋ ವಿಧಾನವನ್ನೂ ಅದರೊಳಗೇ ಬರೆದುಬಿಡಿ: ಎಲ್ಲಾ ಗುಂಟೆ ಮಾಡು, ಕೂಡು, ನಲವತ್ತರಿಂದ ಭಾಗಿಸು. ಆಮೇಲೆ ಆ್ಯಪ್‌ನ ಬೇರೆ ಯಾವ ಮೂಲೆಯಲ್ಲೂ ಈ ಲೆಕ್ಕ ಮತ್ತೆ ಬರೆಯೋ ಹಾಗಿಲ್ಲ.

ಆದರೆ ಒಂದು ಷರತ್ತು. ಪಠ್ಯ ಸಂಖ್ಯೆಯಾಗೋ ಮೊದಲೇ ಹಿಡೀಬೇಕು. ಡೇಟಾ ಕಳಿಸೋರು ನಿಮ್ಮವರೇ ಆಗಿದ್ದರೆ "2.10" ಅಂತ ಕೋಟ್ ಹಾಕಿಸಿ. ಎಕರೆ, ಗುಂಟೆ ಬೇರೆ ಬೇರೆ ಕಳಿಸಿದರೆ ಇನ್ನೂ ಒಳ್ಳೇದು. ಬೇರೆಯವರಾಗಿದ್ದರೆ, ಪೈಥಾನ್‌ನಲ್ಲಿ ‘ಪಾರ್ಸ್ ಫ್ಲೋಟ್’ ಅನ್ನೋ ಜಾಗಕ್ಕೆ ‘ಡೆಸಿಮಲ್’ ಕೊಡಿ, ಕೊನೆಯ ಸೊನ್ನೆ ಉಳಿಯುತ್ತೆ.

ಕೊರಟಗೆರೆಯ ಎಸ್‌ಟಿಡಿ ಕೋಡ್ 08138. ಕೋಟ್ ಇಲ್ಲದೆ ಹಾಕಿ ನೋಡಿ, ಜೇಸನ್ ಓದೋದೇ ಇಲ್ಲ, ಎರರ್ ಕೊಡುತ್ತೆ. ಸಂಖ್ಯೆಯ ಶುರುವಿನ ಸೊನ್ನೆಗೆ ಅಂಟಿಕೊಂಡೇ ಇನ್ನೊಂದು ಅಂಕಿ ಬರೋ ಹಾಗಿಲ್ಲ ಅಂತ ನಿಯಮ. ನನಗೆ ಈ ಥರದ ತಪ್ಪು ಇಷ್ಟ, ಕಿರುಚಿ ಹೇಳುತ್ತೆ. 2.10 ಮಾತ್ರ ಸದ್ದಿಲ್ಲದೆ ಜಾರಿಕೊಳ್ಳುತ್ತೆ.

ಹೋಬಳಿ ಹೆಸರಿನ ಪಾಡೂ ಅಷ್ಟೆ. ಒಂದು ಕಡೆ ‘ಚನ್ನರಾಯನದುರ್ಗ’, ಇನ್ನೊಂದು ಕಡೆ ‘ಚೆನ್ನರಾಯನ ದುರ್ಗ’, ಮತ್ತೊಂದು ಕಡೆ ‘ಸಿ.ಎನ್. ದುರ್ಗ’. ನಮಗೆ ಬೆಟ್ಟ ಒಂದೇ, ಪ್ರೋಗ್ರಾಂಗೆ ಮೂರು ಊರು. ಇವನ್ನು ಒಂದೇ ಹೆಸರಿಗೆ ತರೋ ಕೆಲಸವನ್ನೂ ಆಬ್ಜೆಕ್ಟ್ ಕಟ್ಟೋ ಹೊತ್ತಲ್ಲೇ ಮುಗಿಸಿಬಿಡಿ.

ಲ್ಯಾಪ್‌ಟಾಪ್ ಇಲ್ಲದವರು ಫೋನಲ್ಲೇ ಟರ್ಮಕ್ಸ್ ಹಾಕಿಕೊಂಡು ಪೈಥಾನ್ ಓಡಿಸಬಹುದು. ಕ್ಲಾಸ್ ಬರೆದಾದ ಮೇಲೆ 1 ಎಕರೆ 39 ಗುಂಟೆಗೆ 1 ಗುಂಟೆ ಕೂಡಿ. 2 ಎಕರೆ 0 ಗುಂಟೆ ಬರದಿದ್ದರೆ ನಲವತ್ತರ ಸಾಲನ್ನ ಇನ್ನೊಂದು ಸಲ ನೋಡಿ.